ಕಲಾವಿದೆಯನ್ನು ಕಿಟಕಿಯ ಮೂಲಕ ಒಳಗೆ ತೆಗೆದುಕೊಳ್ಳುವ ಬಗ್ಗೆ

ಕಲೆ ಮತ್ತು ವೈವಿಧ್ಯ ಇಲಾಖೆ
ಊಸ್ಟರ್‌ವೀರ್ ಪುರಸಭೆ, ನೆದರ್ಲೆಂಡ್ಸ್
ಸಂಖ್ಯೆ: ಕವೈ/ಎತ್ತುವಳಿ/17

ವಿಷಯ: ‘ನಾನಾ ದೇಹ, ಒಂದೇ ಜನ’ ಚಿತ್ರಪ್ರದರ್ಶನದ ಕಲಾವಿದೆ ಶ್ರೀಮತಿ ರೆನ್ಸ್ಕೆ ಹೂಕ್‌ಸ್ಟ್ರಾ ಅವರು ತಮ್ಮದೇ ಪ್ರದರ್ಶನಕ್ಕೆ ಹಾಜರಾಗುವ ಹಟ ಹಿಡಿದಿರುವ ಕುರಿತು.

ಉಲ್ಲೇಖ: ಲಿಫ್ಟ್ ಕೋರಿ ಸದರಿಯವರು ಬರೆದ ಪತ್ರಗಳು (ಕೊನೆಯ ಪತ್ರದ ಭಾಷೆ ಉಲ್ಲೇಖಾರ್ಹವಲ್ಲ).

1. ಅಂಗವೈಕಲ್ಯವು ಕೊರತೆಯಲ್ಲ, ಮನುಷ್ಯರ ವೈವಿಧ್ಯದ ಒಂದು ಭಾಗ ಎಂಬ ಪ್ರದರ್ಶನದ ಆಶಯವನ್ನು ಇಲಾಖೆಯು ಮನಸಾರೆ ಒಪ್ಪಿದೆ. ಪ್ರದರ್ಶನವಿರುವ ಮೂರನೇ ಮಹಡಿಯ ಮೆಟ್ಟಿಲುಗಳು ಮಾತ್ರ ಸಂರಕ್ಷಿತ ಸ್ಮಾರಕವಾಗಿದ್ದು, ಅವು ಒಪ್ಪಿರುವುದಿಲ್ಲ.

2. ಕಾಲುವೆ ಬೀದಿಯ ಕಿರಿದಾದ ಮೆಟ್ಟಿಲುಗಳ ಮನೆಗಳಲ್ಲಿ ಸೋಫಾ, ಪಿಯಾನೋಗಳನ್ನು ಸೂರಿನ ತೊಲೆಯ ಕೊಕ್ಕೆಗೆ ಹಗ್ಗ ಕಟ್ಟಿ ಕಿಟಕಿಯಿಂದ ಒಳಗೆ ತೆಗೆದುಕೊಳ್ಳುವುದು ವಾಡಿಕೆ. ಗಾಲಿಕುರ್ಚಿ ಸಮೇತ ಕಲಾವಿದೆಯನ್ನೂ ಹಾಗೆಯೇ ಎತ್ತಲು ಗುತ್ತಿಗೆದಾರ ಶ್ರೀ ಸೀಬ್ರೆನ್ ಅವರಿಗೆ ಸೂಚಿಸಲಾಯಿತು. ಅವರ ಉತ್ತರ: “ಮನುಷ್ಯರನ್ನ ಎತ್ತೋಕೆ ವಿಮೆ ಇಲ್ಲ ಸ್ವಾಮಿ. ಸೋಫಾ ಅಂತ ಬರ್ಕೊಡಿ, ಎತ್ತಿಬಿಡ್ತೀನಿ.”

3. ಇದಕ್ಕೆ ಸದರಿ ಮಹಿಳೆಯು, “ಅಯ್ಯೋ, ಸೋಫಾ ಬೇಡ ಕಣಪ್ಪ, ಜನ ಬಂದು ಕೂತ್ಬಿಡ್ತಾರೆ! ಕಲಾಕೃತಿ ಅಂತ ಬರಿ” ಎಂದರು. ಅದರಂತೆ ಅವರನ್ನು ಕಲಾಕೃತಿಯೆಂದು ನೋಂದಾಯಿಸಿ, ಸುರಕ್ಷಿತವಾಗಿ ಎತ್ತಲಾಗಿದೆ.

4. ಆದಕಾರಣ ಅವರನ್ನು ಯಾರೂ ಮುಟ್ಟತಕ್ಕದ್ದಲ್ಲ. ಕಾಫಿಯ ಜೊತೆ ತಲೆಗೊಂದರಂತೆ ಕೊಡುವ ಬಿಸ್ಕತ್ತಿಗೆ ಅವರು ಅರ್ಹರಲ್ಲ. ತಲೆ ಸವರಿ “ಪಾಪ, ಎಷ್ಟು ಸ್ಫೂರ್ತಿ!” ಎನ್ನುವ ಅವಕಾಶವನ್ನು ಪುರಸಭಾ ಸದಸ್ಯರಿಗೆ ಮಾತ್ರ ಕಾಯ್ದಿರಿಸಲಾಗಿದೆ.

5. ಕಲಾವಿದೆಯು ಚಿತ್ರಗಳನ್ನು ಗಾಲಿಕುರ್ಚಿಯಲ್ಲಿ ಕುಳಿತ ತಮ್ಮ ಕಣ್ಣಿನ ಎತ್ತರಕ್ಕೇ ನೇತುಹಾಕಿಸಿದ್ದು, ನಿಂತು ನೋಡುವವರಿಗೆ ಸೊಂಟ ಹಿಡಿದುಕೊಂಡಿದೆ ಎಂಬ ದೂರು ಬಂದಿದೆ. ದೂರು ಬಂದ ದಿನವೇ ಇಂಥವರಿಗೆ ಮೆತ್ತೆ ಹಾಕಿದ ಪೀಠಗಳನ್ನು ಮಂಜೂರು ಮಾಡಲಾಗಿದೆ. ಇವರದು ವಿಶೇಷ ಅಗತ್ಯವಲ್ಲ, ಸಹಜ ಅಗತ್ಯ ಎಂದು ಸ್ಪಷ್ಟಪಡಿಸಲಾಗಿದೆ.

6. ಉದ್ಘಾಟನೆ ಮುಗಿದ ಮೇಲೆ ಕೆಳಗಿಳಿಯಲು ಕೋರಿದಾಗ ಕಲಾಕೃತಿಯು ಹೀಗೆ ಉತ್ತರಿಸಿದೆ: “ಪ್ರದರ್ಶನ ಮುಗಿಯೋವರೆಗೂ ಕಲಾಕೃತಿ ಅಲುಗಾಡಿಸಬಾರದು ಅಂತ ನಿಮ್ಮದೇ ನಿಯಮ ಅಲ್ವೇನ್ರೀ? ಬರೋವಾಗ ಮೂಟೆ ಥರ ಬಂದೆ, ಹೋಗೋವಾಗ ಎಲ್ಲರ ಥರ ಹೋಗ್ತೀನಿ. ಲಿಫ್ಟ್ ಹಾಕಿಸಿ.” ನಿಯಮ ಪರಿಶೀಲಿಸಲಾಗಿ, ಅದು ನಿಜವಾಗಿದೆ. ಇಲಾಖೆಗೆ ಮೈಯೆಲ್ಲ ಉರಿದಿದೆ ಎಂಬುದನ್ನು ದಾಖಲಿಸಲಾಗಿದೆ.

7. ಆದ್ದರಿಂದ ಬೆಲೆಬಾಳುವ ಕಲಾಕೃತಿಯ ಸುರಕ್ಷತೆಯ ದೃಷ್ಟಿಯಿಂದ ಲಿಫ್ಟ್ ಅಳವಡಿಸಲು ತುರ್ತು ಮಂಜೂರಾತಿ ನೀಡಲಾಗಿದೆ. ಇದರಲ್ಲಿ ಕಲಾಕೃತಿಗಳಿಗೆ ಮಾತ್ರ ಪ್ರವೇಶ. ಮನುಷ್ಯರ ಕೋರಿಕೆಗಳು ಎಂದಿನಂತೆ ಪರಿಶೀಲನೆಯಲ್ಲಿರುತ್ತವೆ.

8. ಈ ಸುದ್ದಿ ಹರಡಿದ್ದೇ ತಡ, ಊರುಗೋಲಿನ ಅಂಚೆಯಣ್ಣ, ಕಣ್ಣು ಕಾಣದ ಸಂಗೀತದ ಮೇಷ್ಟ್ರು, ಅವಳಿ ಮಕ್ಕಳ ತಳ್ಳುಗಾಡಿಯ ತಾಯಿ ಎಲ್ಲರೂ ತಮ್ಮನ್ನೂ ಕಲಾಕೃತಿಯೆಂದು ನೋಂದಾಯಿಸುವಂತೆ ಅರ್ಜಿ ಹಾಕಿದ್ದಾರೆ. ನಿರಾಕರಿಸಲು ಕಾರಣ ಸಿಕ್ಕಿರುವುದಿಲ್ಲ. ಕಾರಣ ಸಿಕ್ಕಿದವರು ಕೂಡಲೇ ಇಲಾಖೆಗೆ ತಿಳಿಸತಕ್ಕದ್ದು.

(ಸಹಿ)
ನಿರ್ದೇಶಕರು
ಕಲೆ ಮತ್ತು ವೈವಿಧ್ಯ ಇಲಾಖೆ

ಪ್ರತಿಗಳು:
1. ಸ್ಮಾರಕ ಸಂರಕ್ಷಣಾ ಸಮಿತಿ: ಮೆಟ್ಟಿಲುಗಳಿಗೆ ಸಮಾಧಾನ ಹೇಳುವ ಕೋರಿಕೆಯೊಂದಿಗೆ.
2. ಶ್ರೀ ಸೀಬ್ರೆನ್, ಗುತ್ತಿಗೆದಾರರು.
3. ಶ್ರೀಮತಿ ಹೂಕ್‌ಸ್ಟ್ರಾ: ಓದಬಹುದು, ನಗತಕ್ಕದ್ದಲ್ಲ.
4. ಊರಿನ ಉಳಿದ ಎಲ್ಲ ಕಲಾಕೃತಿಗಳಿಗೆ.