ಸೊಪ್ಪಿನ ಪಲ್ಯ ಎಲ್ಲಿಗೆ ಹೋಯಿತು?

ಹದಿನೈದೇ ದಿನ! ಹದಿನೈದು ದಿನದಲ್ಲಿ ನನ್ನ ಮಗಳನ್ನು ತಿದ್ದಿ ತೀಡಿ ಇಡೀ ಧನಗೆರೆಗೆ ಮಾದರಿಯಾಗಿ ನಿಲ್ಲಿಸದಿದ್ದರೆ ನನ್ನ ಹೆಸರು ಶಾಂತಮೂರ್ತಿಯೇ ಅಲ್ಲ ಎಂದು ನಡುಮನೆಯಲ್ಲಿ ನಿಂತು ಘೋಷಿಸಿದೆ. ಕೇಳಲು ಇದ್ದವಳು ಹೆಂಡತಿ ಮಾಲಿನಿ ಒಬ್ಬಳೇ.

"ಹೊಸ ಹೆಸ್ರು ಏನಂತ ಇಡೋದು? ಈಗ್ಲೇ ಯೋಚ್ನೆ ಮಾಡಿರ್ತೀನಿ," ಎಂದಳು ಬೆಳ್ಳುಳ್ಳಿ ಬಿಡಿಸುತ್ತಾ.

ಮಗಳು ಶಿವರಂಜನಿಗೆ ಐದು ವರ್ಷ. ಕೈಕಾಲು ತೊಳೆದುಕೋ ಎಂದರೆ 'ಊಹೂಂ'. ಸೊಪ್ಪಿನ ಪಲ್ಯ ಕಂಡರೆ ಆ 'ಊಹೂಂ' ಕೂಡ ಇಲ್ಲ, ಬಾಯಿಗೇ ಬೀಗ! ನಾನು ದೊಡ್ಡ ಹಾಳೆಯಲ್ಲಿ ಕೆಂಪು ಶಾಯಿಯಿಂದ ಏಳು ನಿಯಮ ಬರೆದು ಬೀರುವಿಗೆ ಅಂಟಿಸಿದೆ. ಓದಲು ಬಾರದ ಮಗುವಿಗೆ ಏರುದನಿಯಲ್ಲಿ ಓದಿಯೂ ಹೇಳಿದೆ. ಅವಳು ಪೂರ್ತಿ ಕೇಳಿ, "ಆಯ್ತಾ?" ಎಂದು ಆಡಲು ಹೋದಳು.

ನಾಲ್ಕನೆಯ ದಿನ ಪವಾಡ! ಯಾರೂ ಹೇಳದೆ ಕೈಕಾಲು ತೊಳೆದಳು. ತಟ್ಟೆಗೆ ಪಲ್ಯ ಹಾಕಿಸಿಕೊಂಡು ಹಿತ್ತಲಿಗೆ ಹೋದವಳು ಖಾಲಿ ತಟ್ಟೆ ಹಿಡಿದು ಬಂದಳು.

"ನೋಡಿದ್ಯಾ ನನ್ನ ನಿಯಮದ ಮಹಿಮೆ!" ಎಂದು ಎರಡು ದಿನ ಬೀಗಿದೆ. ಮೂರನೆಯ ದಿನ ಅನುಮಾನ ಹೊಕ್ಕಿತು. ಯಾವ ಮಗು ತಾನೇ ಮುಂದೆ ಬಂದು ಎರಡನೇ ಸಲ ಸೊಪ್ಪು ಕೇಳುತ್ತದೆ? ಮೆಲ್ಲಗೆ ಅವಳ ಕೈ ಮೂಸಿದೆ. ಬ್ಲೀಚಿಂಗ್ ಪುಡಿಯ ವಾಸನೆ! ಸಾಕ್ಷ್ಯ ನಾಶ ಮಾಡಿದವರ ಕೈ ಹೀಗೇ ನಾರುತ್ತದೆ.

"ಪಲ್ಯ ಏನ್ ಮಾಡ್ದೆ ಚಿನ್ನಾ?"

"ತಿಂದೆ."

"ಎಲ್ಲಿ?"

"ಅದು ನಂಗೂ ಅಜ್ಜಿಗೂ ಗೊತ್ತು. ನಿಂಗ್ಯಾಕೆ?"

ಹಿತ್ತಲಲ್ಲಿರುವುದು ನನ್ನ ಅವ್ವ ಗುರುಬಸಮ್ಮನ ರೇಷ್ಮೆಹುಳದ ಮನೆ. ಹುಳುಗಳು ನಾಲ್ಕನೆಯ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಬಿಟ್ಟು, ಹಗಲೂ ಇರುಳೂ ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದವು. ಈಗ ಕೆಟ್ಟರೆ ಅವ್ವನ ಒಂದು ತಿಂಗಳ ದುಡಿಮೆ ತಿಪ್ಪೆಗೆ! ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಹುಳ ತಿನ್ನುವುದೂ ಸೊಪ್ಪು, ಇವಳು ತಿನ್ನದಿರುವುದೂ ಸೊಪ್ಪು! ಒಣಮೆಣಸಿನಕಾಯಿ, ಬೆಳ್ಳುಳ್ಳಿ ಒಗ್ಗರಣೆ ತಿಂದ ಹುಳು ಗೂಡು ಕಟ್ಟೀತೇ? ಕಟ್ಟಿದರೂ ಆ ರೇಷ್ಮೆಯ ಸೀರೆ ಉಟ್ಟ ಮದುಮಗಳು ಧಾರೆಯಲ್ಲಿ ಸೀನುತ್ತಾ ನಿಲ್ಲಬೇಕು!

"ಹೆತ್ತ ಮಗಳ ಮೇಲೆ ಅನುಮಾನಾನ?" ಎಂದಳು ಮಾಲಿನಿ.

"ಅನುಮಾನ ಅಲ್ಲ ಕಣೆ, ತನಿಖೆ!"

ಮರುದಿನ ಬೆಳಿಗ್ಗೆ ಯಳಂದೂರಿನ ನನ್ನ ಸರ್ಕಾರಿ ಕಚೇರಿಗೆ ಹೊರಡುವ ವೇಷದಲ್ಲೇ, ಬೂಟು ಹಾಕಿ, ಸೆಂಟು ಹೊಡೆದುಕೊಂಡು, ಹಿಪ್ಪುನೇರಳೆ ಕಡ್ಡಿಯ ರಾಶಿಯ ಹಿಂದೆ ಅಡಗಿದೆ. ಬಸ್ಸು ಹೋದರೆ ಹೋಗಲಿ! ಮಗಳು ತಟ್ಟೆ ಹಿಡಿದು ಬಂದು ಹುಳದ ಮನೆ ಹೊಕ್ಕಳು. ಹತ್ತು ಎಣಿಸಿದೆ. ದಾಳಿ ಮಾಡುವ ಪೊಲೀಸರಂತೆ ನುಗ್ಗಿದೆ!

ಒಳಗೆ ಸಾವಿರಾರು ಹುಳು ಮಳೆ ಹನಿದಂತೆ ಸರಸರ ಮೇಯುತ್ತಿದ್ದವು. ಬಾಗಿಲ ಪಕ್ಕದ ಮೂಲೆಯಲ್ಲಿ ಚಕ್ಕಳಮಕ್ಕಳ ಕೂತ ಮಗಳು ಬಾಯಿ ತುಂಬ ಪಲ್ಯ ಮೇಯುತ್ತಿದ್ದಳು.

"ಅಜ್ಜೀ! ಬೂಟು! ಸೆಂಟು!" ಎಂದು ಕಿರುಚಿದಳು.

ಅವ್ವ ಸೊಪ್ಪಿನ ಮಂಕರಿ ಬಿಸುಟು ಬಂದಳು. "ಏನ್ಲಾ, ನಿಂಗೆ ಬುದ್ಧಿಗಿದ್ದಿ ಅದಾ? ಉಳ ಅಣ್ಣಾಗಿ ಗೂಡು ಕಟ್ಟಕ್ಕೆ ಇನ್ ಮೂರೇ ದಿನ ಅದೆ. ಗಮಗಮ ಅಂತ ಬೂಟ್ ತುಳ್ಕಂಡ್ ನುಗ್ತೀಯಲ್ಲಾ! ಸೆಂಟಿನ್ ವಾಸ್ನೆ, ಬೂಟಿನ್ ಕೊಳೆ ತಾಕುದ್ರೆ ಉಳ ಸತ್ತೋಯ್ತವೆ! ಈಚೆಗ್ ನಡಿ!"

"ಹುಳ ಉಳಿಸೋಕೆ ಬಂದೆ ಕಣವ್ವಾ! ಇವಳು ಪಲ್ಯಾನ ಹುಳಕ್ಕೆ..."

"ಅವ್ಳು ಉಳದ ಜೊತ್ಗೆ ಪಂದ್ಯ ಕಟ್ಕಂಡು ತಿಂತಾವ್ಳೆ ಕಣ್ಲಾ! ಸೊಪ್ಪು ತಿಂದೋರ್ಗೆ ಮಾತ್ರ ಕಾವಲು ಕೆಲ್ಸ ಅಂದಿವ್ನಿ. ಅವ್ಳು ಬಾಗ್ಲಲ್ ಕುಂತ್ಮೇಲೆ ಆ ಬ್ಲೀಚಿಂಗ್ ನೀರಲ್ಲಿ ಕೈಕಾಲ್ ಅದ್ದದೆ ಒಬ್ರೂ ಒಳಿಕ್ ಬಂದಿಲ್ಲ. ನೀನೇ ಮೊದ್ಲು!"

ನಾನು ಮುರಿಯಲು ಹೊರಟಿದ್ದ ಹಟಕ್ಕೆ ಅವ್ವ ಆಗಲೇ ಉದ್ಯೋಗ ಕೊಟ್ಟುಬಿಟ್ಟಿದ್ದಳು!

ಮುಂದಿನ ಮೂರು ದಿನ ಅನುಮಾನವೆಲ್ಲ ನನ್ನ ಮೇಲೆ. ಒಂದು ಹುಳು ಮಂಕಾಗಿ ಮಲಗಿದರೂ ಅವ್ವ ನನ್ನ ಮುಖ ನೋಡುತ್ತಿದ್ದಳು. ನಾನು ಅನ್ನ ಬಿಟ್ಟು ಹುಳುವಿನ ಆರೋಗ್ಯ ವಿಚಾರಿಸುತ್ತಾ ಓಡಾಡಿದೆ. ಪುಣ್ಯಕ್ಕೆ ನಾಲ್ಕನೆಯ ಬೆಳಿಗ್ಗೆ ಎಲ್ಲವೂ ಬಂಗಾರದ ಬಣ್ಣಕ್ಕೆ ತಿರುಗಿ ಹಣ್ಣಾದವು. ಗೂಡು ಕಟ್ಟಲು ಅವನ್ನು ಆರಿಸಿ ಬಿದಿರು ಸುರುಳಿಯ ಚಂದ್ರಂಕಿ ತಟ್ಟಿಗೆ ಬಿಡಬೇಕು, ಅದೂ ಅವತ್ತೇ. ಮನೆಮಂದಿಯೆಲ್ಲ ಕೈ ಹಚ್ಚಬೇಕಾದ ಕೆಲಸ.

ಬಾಗಿಲಲ್ಲಿ ಮಗಳು ಸ್ಟೂಲು ಹಾಕಿಕೊಂಡು ಕೂತಿದ್ದಳು. ಪಕ್ಕದ ಮನೆಯ ಸೋಮಮ್ಮನನ್ನು ಬಿಟ್ಟಳು. ಮಾಲಿನಿಯನ್ನು ಬಿಟ್ಟಳು. ನಾನು ತಲೆಗೆ ಸ್ನಾನ ಮಾಡಿ, ಹಳೇ ಪಂಚೆಯುಟ್ಟು, ಬ್ಲೀಚಿಂಗ್ ನೀರಲ್ಲಿ ಎರಡೆರಡು ಸಲ ಕಾಲದ್ದಿ ಕೈಮುಗಿದು ನಿಂತೆ. ಅವಳು ನನ್ನ ಕೈ ಮೂಸಿದಳು, ಕತ್ತು ಮೂಸಿದಳು. ಆಮೇಲೆ ಮುಖವನ್ನೂ ನೋಡದೆ ಎಂದಳು:

"ಇವತ್ತು ಆಗಲ್ಲ. ನಾಳೆ ಬಾ."

"ನಾಳೆ ಹೊತ್ಗೆ ಎಲ್ಲಾ ಮುಗ್ದೋಗಿರ್ತದಲ್ಲ ಚಿನ್ನಾ!"

"ಅದ್ಕೆ ನಾನೇನ್ ಮಾಡ್ಲಿ? ನಾಳೆ ಬಾ."

ಒಳಗಿನಿಂದ ಮಾಲಿನಿ ಕಿಸಕ್ಕನೆ ನಕ್ಕಳು. ಹೋದ ತಿಂಗಳು ಒಂದು ದಿನ ಮಗಳನ್ನು ಕಚೇರಿಗೆ ಕರೆದೊಯ್ದು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಿದ್ದೆ. ಕಿಟಕಿಯಾಚೆ ಕೈಮುಗಿದು ನಿಂತವರಿಗೆಲ್ಲ, ಮುಖವನ್ನೂ ನೋಡದೆ, ಬೆಳಗಿನಿಂದ ಸಂಜೆಯವರೆಗೆ ನಾನು ಹೇಳಿದ್ದು ಇದೊಂದನ್ನೇ.

ಮಗಳು ಅಪ್ಪನಿಂದ ಏನೂ ಕಲಿಯುವುದಿಲ್ಲ ಎಂದು ಇನ್ನು ಯಾವ ಬಾಯಲ್ಲಿ ದೂರಲಿ?