ಮದುಮಗನಿಲ್ಲದ ಆಲ್ಬಂ

ತಪ್ಪು ನಡೆದದ್ದು ಮದುವೆಯ ದಿನವೇ. ಫೋಟೋ ತೆಗೆಯಲು ಒಪ್ಪಿಕೊಂಡಿದ್ದ ಸ್ನೇಹಿತ ಕಿಟಕಿಗೆ ಎದುರಾಗಿ ಕ್ಯಾಮೆರಾ ಹಿಡಿದ. ಮದುಮಗ ಹನ್ನೆರಡು ವರ್ಷದಿಂದ ಸ್ಟುಡಿಯೋ ನಡೆಸುತ್ತಿದ್ದವನು, ನೋಡಿಕೊಂಡು ಸುಮ್ಮನಿರಲಾಗಲಿಲ್ಲ. "ಹಾಗೆ ಹಿಡಿದ್ರೆ ಮುಖವೆಲ್ಲ ಕರ್ರಗಾಗುತ್ತೆ, ಕೊಡು ಇಲ್ಲಿ" ಎಂದು ಇಸಿದುಕೊಂಡ. ಕೊನೆಯ ಪಂಕ್ತಿ ಊಟಕ್ಕೆ ಏಳುವವರೆಗೂ ವಾಪಸು ಕೊಡಲಿಲ್ಲ. ನಾನೂರ ಹನ್ನೆರಡು ಚಿತ್ರಗಳು, ಒಂದಕ್ಕಿಂತ ಒಂದು ಚೆನ್ನ. ಒಂದರಲ್ಲೂ ಮದುಮಗನಿಲ್ಲ.

ಎರಡು ವರ್ಷ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಆಮೇಲೆ ಹೆಂಡತಿ ಪಾಚಿಯ ಮೇಲೆ ಸಂಶೋಧನೆ ಮಾಡಲು ಹೊರದೇಶದ ವಿಶ್ವವಿದ್ಯಾಲಯಕ್ಕೆ ಬಂದಳು. ಅವನು ಸ್ಟುಡಿಯೋಗೆ ಬೀಗ ಜಡಿದು ಹಿಂದೆಯೇ ಬಂದ. ಬಂದದ್ದು ತೊಂಬತ್ತು ದಿನದ ವೀಸಾದ ಮೇಲೆ. ಅಷ್ಟರೊಳಗೆ 'ವಿದ್ಯಾರ್ಥಿನಿಯ ಪತಿ' ಎಂದು ವಾಸದ ಪರವಾನಗಿ ಪಡೆಯಬೇಕು. ವಲಸೆ ಕಚೇರಿಯವರು ಕೊಟ್ಟ ದಿನ ತೊಂಬತ್ತನೆಯ ದಿನವೇ ಆಗಿತ್ತು. ಸಿಕ್ಕರೆ ಹೆಂಡತಿಯ ಜೊತೆ ಮೂರು ವರ್ಷ. ಸಿಗದಿದ್ದರೆ ನಾಳೆ ಬೆಳಗಿನ ವಿಮಾನ, ಒಬ್ಬನೇ.

ಆ ದಿನ ಬೆಳಿಗ್ಗೆ ಹತ್ತಕ್ಕೆ ಅವನು ಕಚೇರಿಯ ಮೂರನೆಯ ಕೌಂಟರಿನ ಮುಂದೆ ಕೂತಿದ್ದ. ಅಲ್ಲಿನ ಅಧಿಕಾರಿಗೆ ಮುಖಕ್ಕಿಂತ ಒಂದು ಅಳತೆ ದೊಡ್ಡದಾದ ಮೀಸೆ. ಕಾಗದ ನೋಡುವುದೂ ಅವರೇ, ಪಕ್ಕದ ಮೂಲೆಯ ಯಂತ್ರದಲ್ಲಿ ಫೋಟೋ ತೆಗೆಯುವುದೂ ಅವರೇ. ಇವನಿಗಿಂತ ಮುಂಚಿನ ಹೆಂಗಸು ಗೋಗರೆಯುತ್ತಿದ್ದಳು.

"ಸರ್, ಕಣ್ಣು ಮುಚ್ಚಿಬಿಟ್ಟೆ. ಇನ್ನೊಂದು ತೆಗೀರಿ."

"ಒಂದು ನಂಬರಿಗೆ ಒಂದೇ ಕ್ಲಿಕ್ಕು ಕಣಮ್ಮ. ಹೋಗಿದ್ದು ಹೋಯ್ತು."

ಆ ಮಾತು ಅವನ ಕಿವಿಗೆ ಬೀಳಲಿಲ್ಲ. ಅವನು ನೋಡುತ್ತಿದ್ದದ್ದು ನೆತ್ತಿಯ ಮೇಲಿನ ಟ್ಯೂಬ್‌ಲೈಟನ್ನು. ಅದರ ಕೆಳಗೆ ಕೂತವರ ಕಣ್ಣುಗಳು ಪಾಳುಬಾವಿಗಳಂತೆ ಕಾಣುತ್ತಿದ್ದವು. ಇದೂ ಒಂದು ಬೆಳಕೇ ಎಂದು ಮನಸ್ಸಿನಲ್ಲೇ ಮರುಗಿದ.

ಹದಿನೆಂಟು ಕಾಗದ ಸರಿಯಿದ್ದವು. ಅಧಿಕಾರಿ ಹತ್ತೊಂಬತ್ತನೆಯದು ಕೇಳಿದರು. "ಗಂಡ ಹೆಂಡತಿ ಒಟ್ಟಿಗಿರೋ ಫೋಟೋ?"

ಅವನು ಹೆಮ್ಮೆಯಿಂದ ಆಲ್ಬಮ್ಮನ್ನೇ ಮುಂದಿಟ್ಟ. ಅವರು ತಿರುವಿದರು. ಮದುಮಗಳು ನಗುತ್ತಿದ್ದಾಳೆ. ಮದುಮಗಳು ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಮದುಮಗಳು ಮತ್ತು ಅವಳ ಅಪ್ಪ, ಅಮ್ಮ. ಮದುಮಗಳು ಮತ್ತು ಅಡುಗೆಯವರು.

"ಮದುವೆ ಯಾರ ಜೊತೆ ಆಯ್ತು?"

"ನನ್ನ ಜೊತೆ ಸರ್."

"ನೀವೆಲ್ಲಿದ್ರಿ?"

"ಅಲ್ಲೇ ಇದ್ದೆ ಸರ್. ಕ್ಯಾಮೆರಾ ಹಿಂದೆ."

ಅವರು ಇನ್ನೂ ನಾಲ್ಕು ಪುಟ ತಿರುವಿದರು. ಅವನು ಆತುರದಿಂದ ಕೈಹಿಡಿಯುವ ಗಳಿಗೆಯ ಚಿತ್ರ ಹುಡುಕಿ ತೋರಿಸಿದ. ಅಂಚಿನಿಂದ ಒಂದು ಕೈ ಮಾತ್ರ ಒಳಬಂದು ಮದುಮಗಳ ಕೈ ಹಿಡಿದಿತ್ತು. ಇನ್ನೊಂದು ಕೈಯಲ್ಲಿ ಕ್ಯಾಮೆರಾ ಇತ್ತಲ್ಲ.

"ಇದು ನಾನೇ ಸರ್."

"ಇದು ಕೈ." ಅಧಿಕಾರಿ ಆಲ್ಬಂ ಮುಚ್ಚಿ ಮೆಲ್ಲಗೆ ಹಿಂದೆ ತಳ್ಳಿದರು. "ಕೈಗೆ ಪರ್ಮಿಟ್ ಕೊಡೋಕೆ ಬರಲ್ಲ. ನಾಲ್ಕು ಗಂಟೆಯೊಳಗೆ ಇಬ್ಬರೂ ಕಾಣೋ ಫೋಟೋ ಒಂದು ತನ್ನಿ. ಇಲ್ಲಾಂದ್ರೆ ಪ್ರಯಾಣ ಸುಖಕರವಾಗಿರಲಿ."

ಮನೆಯ ಮೆಟ್ಟಿಲ ಬಳಿ ಕೆಳಮನೆ ಅಜ್ಜಿ ಕಾದಿದ್ದರು. ಮೂವತ್ತು ವರ್ಷ ಹೆಡ್‌ಮಿಸ್ ಆಗಿದ್ದವರು. ಕಟ್ಟಡದಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಅವರಿಗೆ ವರದಿಯಾಗಬೇಕು.

"ಏನೋ, ನಪಾಸಾದವನ ಹಾಗೆ ಬರ್ತಿದ್ದೀಯ?"

ಹೇಳಿದ. ಅಜ್ಜಿ ಒಂದು ಗಳಿಗೆಯೂ ಯೋಚಿಸಲಿಲ್ಲ. "ಮದುವೆ ಆಗಿರೋದು ನಿಜ ತಾನೆ? ಫೋಟೋ ಸ್ವಲ್ಪ ತಡವಾಗಿದೆ, ಅಷ್ಟೆ. ಈಗ ತೆಗೆದರಾಯ್ತು. ಅವಳನ್ನ ಕರಿ."

ಎದುರುಮನೆ ದರ್ಜಿಗೂ ಬುಲಾವು ಹೋಯಿತು. ಅವರು ಗಿರಾಕಿಯದೊಂದು ಕೋಟು ತಂದು ಅವನಿಗೆ ತೊಡಿಸಿದರು. ಅದರ ಒಂದು ತೋಳು ಇನ್ನೂ ಗುಂಡುಸೂಜಿಗಳ ಭರವಸೆಯ ಮೇಲೆ ನಿಂತಿತ್ತು.

"ಅಲುಗಾಡಬೇಡಿ. ಅಲುಗಾಡಿದ್ರೆ ಚುಚ್ಚುತ್ತೆ" ಎಂದರು.

ಎರಡು ಗಂಟೆಗೆ ಹೆಂಡತಿ ಬಿಳಿ ಕೋಟಿನಲ್ಲೇ ಓಡಿಬಂದಳು. "ರೀ, ಮೂರಕ್ಕೆ ಪಾಚಿಗೆ ನೀರು ಹಾಕ್ಬೇಕು. ದಾರಿ ಬಿಟ್ಟು ಅರ್ಧ ಗಂಟೆ ಇದೆ" ಎಂದು ಬಿಳಿ ಕೋಟು ಕಳಚಿ, ಕೂದಲು ಸರಿಮಾಡಿಕೊಂಡು ಗೋಡೆಯ ಮುಂದೆ ನಿಂತಳು. ಅವನು ಪಕ್ಕದಲ್ಲಿ ನಿಂತ. ದರ್ಜಿ ಕ್ಯಾಮೆರಾ ಎತ್ತಿದರು.

"ಸ್ವಲ್ಪ ಎತ್ತರಕ್ಕೆ ಹಿಡೀರಿ."

"ಹಿಡಿದಿದ್ದೀನಿ."

"ಎಡಕ್ಕೆ ವಾಲಿದೆ. ನಿಮ್ಮ ಎಡಕ್ಕೆ."

"ರೀ, ಸುಮ್ನೆ ನಿಂತ್ಕೊಳ್ಳಿ" ಎಂದಳು ಹೆಂಡತಿ.

ನಿಲ್ಲಬೇಕು ಎಂದು ಬುದ್ಧಿಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ದರ್ಜಿಯ ಬೆರಳು ಬಟನ್ನಿನ ಮೇಲೆ ಹೋದಾಗಲೆಲ್ಲ ಅವನು "ಒಂದ್ನಿಮಿಷ, ಒಂದ್ನಿಮಿಷ" ಎನ್ನುತ್ತ ಕೈಚಾಚಿಕೊಂಡು ಮುಂದೆ ಬಂದುಬಿಡುತ್ತಿದ್ದ. ಬಂದಾಗಲೆಲ್ಲ ಸೂಜಿ ಚುಚ್ಚುತ್ತಿತ್ತು. ಚುಚ್ಚಿದಾಗಲೆಲ್ಲ "ಅಮ್ಮಾ" ಎನ್ನುತ್ತಿದ್ದ.

"ಅಲ್ಲ ಸ್ವಾಮಿ, ನಾನು ಯಾವತ್ತಾದ್ರೂ ನಿಮ್ಮ ಕೈಯಿಂದ ಸೂಜಿದಾರ ಕಿತ್ಕೊಂಡಿದ್ದೀನಾ?" ದರ್ಜಿಯ ತಾಳ್ಮೆ ಕಿತ್ತುಹೋಯಿತು. ಕ್ಯಾಮೆರಾ ಮೇಜಿನ ಮೇಲಿಟ್ಟು, ಕೋಟು ಬಿಚ್ಚಿಸಿಕೊಂಡು ಹೆಗಲ ಮೇಲೆ ಹಾಕಿಕೊಂಡರು.

ಹತ್ತೊಂಬತ್ತು ಚಿತ್ರ ಬಂದಿದ್ದವು. ಎಲ್ಲದರಲ್ಲೂ ಲೆನ್ಸಿಗೆ ಅಡ್ಡವಾಗಿ ಒಂದು ಅಂಗೈ. ಅದರ ಹಿಂದೆ, ದೂರದಲ್ಲಿ, ಗೋಡೆಗೆ ಒರಗಿ ಹೆಂಡತಿ ಒಬ್ಬಳೇ.

"ಮತ್ತೆ ಕೈ" ಎಂದ ಅವನು.

ಹೆಂಡತಿ ಬಿಳಿ ಕೋಟು ಹಾಕಿಕೊಂಡಳು. ಬಾಗಿಲ ಹತ್ತಿರ ನಿಂತು ಹೇಳಿದಳು. "ಅವತ್ತೂ ನನ್ನ ಪಕ್ಕ ಜಾಗ ಖಾಲಿ ಇತ್ತು. ಎಲ್ಲರೂ ಕೇಳ್ತಿದ್ರು, ಎಲ್ಲಿ ಎಲ್ಲಿ ಅಂತ. ನಾನು ಕ್ಯಾಮೆರಾ ಕಡೆ ನೋಡಿ ನಗ್ತಿದ್ದೆ. ನೀವು ಅಲ್ಲಿದ್ದೀರಿ ಅಂತ." ಬಾಗಿಲ ಚಿಲಕಕ್ಕೆ ಕೈ ಹಾಕಿದಳು. "ಒಂದು ಸಲ ಈ ಕಡೆ ಬಂದು ನಿಂತ್ಕೊಳ್ಳೋಕೆ ಆಗಲ್ವಾ?"

ಅವಳು ಪಾಚಿಗೆ ನೀರು ಹಾಕಲು ಹೋದಳು.

ಸುಮ್ಮನೆ ಕೂರುವುದು ಅಭ್ಯಾಸವಿಲ್ಲದ್ದರಿಂದ ಅಜ್ಜಿ ಭೂತಗನ್ನಡಿ ಹಿಡಿದು ಆಲ್ಬಂ ತಿರುವತೊಡಗಿದರು, ಉತ್ತರಪತ್ರಿಕೆ ತಿದ್ದುವವರ ಹಾಗೆ. ಒಂದು ಪುಟದಲ್ಲಿ ನಿಂತರು. ಮದುಮಗಳು ಕನ್ನಡಿಯ ಮುಂದೆ ಕೂತು ಓಲೆ ತೊಡುತ್ತಿರುವ ಚಿತ್ರ.

"ಯಾರೋ ಇವನು, ಕನ್ನಡಿಯ ಮೂಲೇಲಿ, ಕಳ್ಳನ ಹಾಗೆ?"

ಅವನೇ. ಮುಖವನ್ನು ಕ್ಯಾಮೆರಾ ಮುಚ್ಚಿತ್ತು. ಗಲ್ಲ ಕಾಣುತ್ತಿತ್ತು. ಮಡಿಸಿದ ಅಂಗಿತೋಳಿನ ಕೆಳಗೆ, ಮೊಣಕೈಯ ಹತ್ತಿರ, ಸ್ಟುಡಿಯೋ ದೀಪದಿಂದ ಸುಟ್ಟ ಅರ್ಧಚಂದ್ರದ ಕಲೆಯೂ ಕಾಣುತ್ತಿತ್ತು. ಅಜ್ಜಿ "ಓಡು!" ಎಂದರು. ಅವನು ಆಲ್ಬಂ, ಕ್ಯಾಮೆರಾ ಎರಡನ್ನೂ ಅವಚಿಕೊಂಡು ಓಡಿದ.

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಅಧಿಕಾರಿ ಚಿತ್ರ ನೋಡಿದರು, ಅವನನ್ನು ನೋಡಿದರು. "ತೋಳು ಮಡಿಸಿ. ಕ್ಯಾಮೆರಾ ಮುಖಕ್ಕೆ ಹಿಡೀರಿ. ಸ್ವಲ್ಪ ಬಗ್ಗಿ." ಕಾಯುತ್ತಿದ್ದವರೆಲ್ಲ ಎದ್ದು ನೋಡಿದರು. ಅವನು ಬಗ್ಗಿ ನಿಂತ. ಅಧಿಕಾರಿ ಕಲೆಯನ್ನು ಬೆರಳಿನಿಂದ ಅಳೆದರು.

"ಹ್ಞೂಂ. ಮೊಣಕೈ ಅದೇ. ಗಂಡ ಅಂತ ಒಪ್ಪಬಹುದು."

ಠಸ್ಸೆ ಬಿತ್ತು. ಅವನ ಕಣ್ಣಲ್ಲಿ ನೀರು ಬಂತು. ಉಳಿದದ್ದು ಕಾರ್ಡಿನ ಫೋಟೋ ಒಂದೇ. ಅಧಿಕಾರಿ ಅವನ ನಂಬರು ಒತ್ತಿ, ಯಂತ್ರದ ಮುಂದಿನ ಕುರ್ಚಿ ತೋರಿಸಿದರು. ಅವನು ಕೂತ. ನೆತ್ತಿಯ ಮೇಲೆ ಟ್ಯೂಬ್‌ಲೈಟು.

ಸುಮ್ಮನೆ ಕೂರಬೇಕು ಎಂದುಕೊಂಡ. ಹೆಂಡತಿಯ ಮಾತು ನೆನಪಿಸಿಕೊಂಡ. ಮೂರರವರೆಗೆ ಎಣಿಸಿದ.

"ಸರ್, ತಪ್ಪು ತಿಳೀಬೇಡಿ. ಈ ದೀಪ ಆರಿಸಿ, ಆ ಕಿಟಕಿ ಪರದೆ ಸರಿಸಿದ್ರೆ ಎಲ್ಲರೂ ಮನುಷ್ಯರ ಹಾಗೆ ಕಾಣ್ತಾರೆ. ನೀವೇ ಒಂದ್ನಿಮಿಷ ಇಲ್ಲಿ ಕೂತ್ಕೊಳ್ಳಿ, ತೋರಿಸ್ತೀನಿ."

ಇಪ್ಪತ್ತು ವರ್ಷದಿಂದ ಪರರ ಫೋಟೋ ತೆಗೆಯುತ್ತ ಬಂದವರು ಆ ಅಧಿಕಾರಿ. ಅವರನ್ನು ಕೂರಿಸಿ ಯಾರೂ ಒಂದು ಫೋಟೋ ತೆಗೆದಿರಲಿಲ್ಲ. ಮೀಸೆ ನೀವಿಕೊಂಡು ಕೂತರು. ಅವನು ಅವರ ಗಲ್ಲ ಅಷ್ಟು ತಿರುಗಿಸಿ, ಬೆಳಕು ಇಷ್ಟು ಬಿಟ್ಟು, ಯಂತ್ರದ ಗುಂಡಿ ಒತ್ತಿದ. ಯಂತ್ರ ಗುಂಯ್ ಎಂದಿತು. ಯಂತ್ರದ ಪರದೆಯ ಮೇಲೆ ತಮ್ಮನ್ನು ನೋಡಿ ಅಧಿಕಾರಿ ಮೀಸೆಯನ್ನು ಇನ್ನೊಮ್ಮೆ ನೀವಿಕೊಂಡರು.

"ನಾನು ಹೀಗಿದ್ದೀನಾ?" ಎಂದರು.

ಆಮೇಲೆ ಜಾಗ ಬದಲಾಯಿಸಿ ಅವನನ್ನು ಕೂರಿಸಿದರು. ಅವನು ಕಣ್ಣು ತೆರೆದು, ಕಲ್ಲಿನ ಹಾಗೆ, ಜೀವನದಲ್ಲೇ ಮೊದಲ ಸಲ ಅಲುಗಾಡದೆ ಕೂತ. ಅವರು ಒತ್ತಿದರು. ಈ ಸಲ ಯಂತ್ರ ಗುಂಯ್ ಅನ್ನಲಿಲ್ಲ. ಒಬ್ಬರು ಕಣ್ಣು ತೆರೆದಿಟ್ಟುಕೊಳ್ಳುವುದರಲ್ಲಿ, ಇನ್ನೊಬ್ಬರು ಮೀಸೆಯ ನೆನಪಿನಲ್ಲಿ ಇದ್ದುದರಿಂದ ಇಬ್ಬರೂ ಗಮನಿಸಲಿಲ್ಲ.

ಹಳೆಯ ವೀಸಾದ ಮೇಲೆ 'ರದ್ದು' ಬಿತ್ತು. ಕಾಲು ಗಂಟೆಯಲ್ಲಿ ಕಾರ್ಡಿಟ್ಟು ಅಂಟಿಸಿದ ಲಕೋಟೆ ಕೈಗೆ ಬಂತು. ಅದನ್ನು ಹೆಂಡತಿಯೇ ಬಿಚ್ಚಲಿ ಎಂದು ದಾರಿಯುದ್ದಕ್ಕೂ ಎದೆಗೆ ಒತ್ತಿಕೊಂಡೇ ನಡೆದ.

ಮನೆಯಲ್ಲಿ ಮೂವರೂ ಕಾದಿದ್ದರು. ಹೆಂಡತಿ ಬಿಚ್ಚಿದಳು. ನೋಡಿದಳು. ಅಜ್ಜಿಗೆ ಕೊಟ್ಟಳು.

"ಹೆಸರು ನಿನ್ನದೇ. ವಿದ್ಯಾರ್ಥಿನಿಯ ಪತಿ, ಮೂರು ವರ್ಷ, ಎಲ್ಲ ಸರಿ ಇದೆ" ಎಂದರು ಅಜ್ಜಿ. "ಮೀಸೆ ಯಾರದೋ?"

ದರ್ಜಿ ಜೊತೆಗಿದ್ದ ಚೀಟಿ ಓದಿದರು. "ಕಾರ್ಡಿನಲ್ಲಿ ದೋಷವಿದ್ದಲ್ಲಿ ತಿದ್ದುಪಡಿಗೆ ಸ್ವದೇಶದಿಂದಲೇ ಹೊಸ ಅರ್ಜಿ ಸಲ್ಲಿಸತಕ್ಕದ್ದು." ಮತ್ತೊಮ್ಮೆ ಓದಿದರು. ಎರಡನೆಯ ಸಲವೂ ಅದೇ ಇತ್ತು.

ಅವನು ಕುರ್ಚಿಯ ಮೇಲೆ ಕುಸಿದ. ಹೆಂಡತಿ ಮಂಚದ ಕೆಳಗಿನ ಸೂಟ್‌ಕೇಸು ಎಳೆದು ಧೂಳು ಒರೆಸಿದಳು, ಅವನ ಅಂಗಿಗಳನ್ನು ಒಂದೊಂದಾಗಿ ಮಡಿಸಿದಳು. ಎಲ್ಲ ಮುಗಿದ ಮೇಲೆ ಕಾರ್ಡನ್ನು ಇನ್ನೊಮ್ಮೆ ಕೈಗೆತ್ತಿಕೊಂಡು ಕಿಟಕಿಯ ಹತ್ತಿರ ಹಿಡಿದು ನೋಡಿದಳು.

"ಬೆಳಕು ಚೆನ್ನಾಗಿ ಬಿದ್ದಿದೆ, ರೀ" ಎಂದಳು.