ಬೂದು ಗೋಡೆಯ ವಂಶಾವಳಿ

ಮಕ್ಕಳಾಗುವುದೆಂದರೆ ಬಣ್ಣ ಕಲಸಿದ ಹಾಗೆ ಎಂದು ಬಣ್ಣದಣ್ಣ ಬಹುಕಾಲ ನಂಬಿದ್ದ. ಅಪ್ಪನದೊಂದು ಡಬ್ಬ, ಅಮ್ಮನದೊಂದು ಡಬ್ಬ. ಚೆನ್ನಾಗಿ ಅಲ್ಲಾಡಿಸಿದರೆ ಮಗ. ಅಪ್ಪ ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ, ಅಮ್ಮ ಮೇಲಿನ ಚಿಲಕ ಎಟುಕದಷ್ಟು ಕುಳ್ಳು, ತಾನು ನಡುವಿನ ಅಳತೆ. ಇನ್ನೇನು ಪುರಾವೆ ಬೇಕು? (ತಂಗಿ ಅಪ್ಪನಿಗಿಂತ ಎರಡಂಗುಲ ಹೆಚ್ಚೇ ಬೆಳೆದಳು. ಅವಳ ಸರದಿಯಲ್ಲಿ ಡಬ್ಬ ಸರಿಯಾಗಿ ಅಲ್ಲಾಡಿಲ್ಲ, ಅಷ್ಟೆ.)

ಅವನು ಬಣ್ಣದಂಗಡಿಯ ನೌಕರ. ಗೋದಾಮಿನಿಂದ ಡಬ್ಬ ಹೊತ್ತು ತರುವುದು, ಗಿರಾಕಿ ಪಟ್ಟಿಯಲ್ಲಿ ಬೆರಳಿಟ್ಟ ನಂಬರನ್ನು ಯಂತ್ರಕ್ಕೆ ಒತ್ತುವುದು, ಯಂತ್ರ ಕಲಸಿ ಕೊಟ್ಟದ್ದನ್ನು ಎತ್ತಿ ಕೊಡುವುದು. ನಾಲ್ಕು ವರ್ಷ ಇಷ್ಟು ಮಾಡಿ ತನ್ನನ್ನು ವರ್ಣಶಾಸ್ತ್ರ ವಿಶಾರದನೆಂದೇ ತಿಳಿದಿದ್ದ. ಅಂಗಡಿಯ ಮುಂಭಾಗದ ಕುರ್ಚಿಯಲ್ಲಿ ಕೂರುತ್ತಿದ್ದವರು ಕೆಲಸ ಬಿಟ್ಟಾಗ ಯಜಮಾನರು, "ಸೋಮವಾರದಿಂದ ನೀನೇ ಕೂತ್ಕೊ" ಅಂದರು. ಮೆತ್ತೆಯ ಕುರ್ಚಿ! ನೆತ್ತಿಯ ಮೇಲೆ ಫ್ಯಾನು! ಕೆಲಸವೆಂದರೆ, ಗಿರಾಕಿ ತಂದ ಗೋಡೆಯ ಚಕ್ಕೆಗೆ ಕಣ್ಣಳತೆಯಲ್ಲೇ ಬಣ್ಣ ಹೊಂದಿಸುವುದು.

ಆ ಸಂತೋಷಕ್ಕೆ ಭಾನುವಾರ ಮನೆಯ ಮುಂದಿನ ಕೋಣೆಗೆ ಬಣ್ಣ ಬಳಿದ. ಅಂಗಡಿಯಿಂದ ತಂದ, ಚೀಟಿ ಕಿತ್ತುಹೋದ ಡಬ್ಬ. ನಂಬರಿಲ್ಲದಿದ್ದರೇನು, ವಿಶಾರದನ ಕಣ್ಣಿಲ್ಲವೆ?

"ಬೂದು! ಎಷ್ಟು ಗಂಭೀರವಾಗಿದೆ ನೋಡಿ!" ಅಂದ.

ಅಮ್ಮ ಬಾಗಿಲಲ್ಲೇ ನಿಂತರು. "ಯಾವ ಬೂದು ನಿನ್ನ ತಲೆ! ಗುಲಾಬಿ ಕಣೋ. ಕಟ್ಟಿಸಿದ ಹಲ್ಲಿನ ವಸಡಿದ್ದ ಹಾಗಿದೆ."

ಶಾಲೆಯಲ್ಲಿ ವಿಜ್ಞಾನದ ಟೀಚರಾಗಿದ್ದ ಹೆಂಡತಿ ಚೀಲದಿಂದ ಬಣ್ಣದ ಪೆನ್ಸಿಲ್ ತೆಗೆದು ಒಂದೊಂದಾಗಿ ಹಿಡಿದು ಬಣ್ಣ ಹೇಳಿಸಿದಳು. ಹನ್ನೆರಡರಲ್ಲಿ ಐದು ಸರಿ.

"ರೀ, ನಿಮಗೆ ಕೆಲವು ಬಣ್ಣ ಕಾಣಲ್ಲ. ಹುಟ್ಟಿನಿಂದ ಬಂದದ್ದು."

"ಎಲ್ಲಾ ಇವನಪ್ಪನ ಕಡೆಯದು," ಅಮ್ಮ ತೀರ್ಪು ಕೊಟ್ಟೇಬಿಟ್ಟರು. "ಗೊರಕೆ, ಮರೆವು, ಈಗ ಇದೊಂದು."

"ಇಲ್ಲ ಅತ್ತೆ. ಗಂಡುಮಕ್ಕಳಿಗೆ ಇದು ಅಮ್ಮನಿಂದ ಬರೋದು."

ಮೂಲೆಯಲ್ಲಿ ಪೇಪರು ಮಡಚಿದ ಸದ್ದಾಯಿತು. ಅಪ್ಪನ ಮುಖದಲ್ಲಿ ಮೂವತ್ತು ವರ್ಷದ ಖಟ್ಲೆ ಗೆದ್ದ ಕಳೆ. "ಇನ್ನೊಂದ್ಸಲ ಹೇಳಮ್ಮ, ಸ್ವಲ್ಪ ಜೋರಾಗಿ."

"ನನ್ನ ಕಣ್ಣು ಚೆನ್ನಾಗೇ ಇದೆಯಲ್ಲೇ!" ಅಮ್ಮ ಸಿಡಿದರು.

"ನಿಮ್ಮ ಹತ್ರ ಎರಡು ಕೊಡೆ ಇದ್ದ ಹಾಗೆ ಅತ್ತೆ. ಒಂದು ತೂತಾದ್ರೆ ಇನ್ನೊಂದು ಕಾಯುತ್ತೆ. ಗಂಡಸಿಗೆ ಇರೋದೇ ಒಂದು, ಅದೂ ಅಮ್ಮ ಕೊಟ್ಟದ್ದು. ಇವರ ಪಾಲಿಗೆ ತೂತಾದದ್ದೇ ಬಂತು. ನಿಮ್ಮ ತಂದೆಯವರಿಗೆ ಹೇಗಿತ್ತು?"

"ನಮ್ಮಪ್ಪನಿಗೇನು ಧಾಡಿ? ಒಂದು ಕಾಲಿಗೆ ಹಸಿರು, ಇನ್ನೊಂದಕ್ಕೆ ಕಂದು ಕಾಲುಚೀಲ ಹಾಕ್ಕೊಂಡು ರಾಜನ ಹಾಗೆ ಓಡಾಡ್ತಿದ್ರು..." ಅಮ್ಮ ಅಲ್ಲಿಗೇ ನಿಂತು ಒಳಗೆ ಹೋದರು. ಆಮೇಲೆ ಪಾತ್ರೆಗಳು ಮಾತಾಡಿದವು.

"ನಾಳೆ ನಮಗೊಬ್ಬ ಮಗ ಹುಟ್ಟಿದ್ರೆ?" ಬಣ್ಣದಣ್ಣ ಕ್ಷೀಣವಾಗಿ ಕೇಳಿದ.

"ನಿಮ್ಮಿಂದ ಅವನಿಗೆ ಬರಲ್ಲ. ಮಗಳಾದ್ರೆ ತನಗೆ ಕಾಣ್ತಾ ಇದ್ರೂ ಆ ತೂತಿನ ಕೊಡೆಯನ್ನ ಸದ್ದಿಲ್ಲದೆ ಮುಂದಕ್ಕೆ ಒಯ್ತಾಳೆ. ಅದಿರ್ಲಿ, ನಾಳೆ ಆ ಕುರ್ಚೀಲಿ ಹೇಗ್ರೀ ಕೂತ್ಕೋತೀರಾ?"

ಕುರ್ಚಿ! ಯಾರದೋ ಬೂದು ಮನೆಯನ್ನು ತಾನು ವಸಡು ಮಾಡುವ ದೃಶ್ಯ ಕಣ್ಣಿಗೆ ಕಟ್ಟಿತು. ಅದು ಮಾತ್ರ ಸ್ಪಷ್ಟವಾಗಿ ಕಂಡಿತು.

ಸೋಮವಾರ ಬೆಳಿಗ್ಗೆ ಅವನು ಯಜಮಾನರೆದುರು ನಿಂತು ತಾತನಿಂದ ಮೊದಲುಗೊಂಡು ಎಲ್ಲವನ್ನೂ ಒಪ್ಪಿಸಿದ. ಅವರು ಪೂರ್ತಿ ಕೇಳಿ, ಕುರ್ಚಿಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು. ಗೋದಾಮಿನತ್ತ ತಿರುಗಿದವನು ತಡೆಯಲಾರದೆ ಕೇಳಿಯೇಬಿಟ್ಟ:

"ಸಾರ್, ನಾಲ್ಕು ವರ್ಷದ ಹಿಂದೆ ನನ್ನ ಬಣ್ಣದ ಜ್ಞಾನ ನೋಡೇ ಅಲ್ವಾ ಕೆಲಸಕ್ಕೆ ತಗೊಂಡಿದ್ದು?"

"ಬಣ್ಣ ಯಾರಯ್ಯ ನೋಡಿದ್ರು? ನಿಮ್ಮಪ್ಪ ಇದೇ ಗೋದಾಮಿನಲ್ಲಿ ಒಂದೇ ಸಲಕ್ಕೆ ನಾಲ್ಕು ಡಬ್ಬ ಹೊರ್ತಿದ್ರು. ಆ ಬೆನ್ನು ನಿನಗೆ ಬಂದಿರುತ್ತೆ ಅಂತ ತಗೊಂಡೆ."